ನಾಲ್ಕು ಕಷಾಯ, ಎರಡು ಕೆಮ್ಮು

ಡಿಸೆಂಬರ್‌ನಲ್ಲಿ ತೀರ್ಥಹಳ್ಳಿ ಕಡೆ ಒಂದು ಮದುವೆಗೆ ಹೋಗಿದ್ದೆವು. ಛತ್ರದ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದು, ಬೆಳಗಿನ ಜಾವದ ಇಬ್ಬನಿಯಲ್ಲಿ ಅಂಗಳದಲ್ಲಿ ನಿಂತು ಹರಟಿದ್ದು, ರಾತ್ರಿ ಬಸ್ಸಿನಲ್ಲಿ ವಾಪಸ್ ಬಂದಿದ್ದು. ಬೆಂಗಳೂರು ಮುಟ್ಟುವಷ್ಟರಲ್ಲಿ ಇಬ್ಬರಿಗೂ ನೆಗಡಿ. ನಾಲ್ಕೈದು ದಿನಕ್ಕೆ ನೆಗಡಿ ಹೋಯಿತು, ಕೆಮ್ಮು ಉಳಿಯಿತು. ನಮ್ಮನೆಯವರದು ಒಣ ಕೆಮ್ಮು. ಗಂಟಲು ಕೆರೆದು ಕೆರೆದು ಕಣ್ಣಲ್ಲಿ ನೀರು ಬರುವ ಜಾತಿ. ನನ್ನದು ಕಫದ ಕೆಮ್ಮು. ಮಲಗಿದರೆ ಎದೆಯಲ್ಲಿ ಗೊರಗೊರ.

ಇನ್ನು ಔಷಧಿಯ ಜಗಳ. ನಾನು ಮಲೆನಾಡಿನವಳು, ನನಗೆ ಅಮ್ಮ ಮಾಡಿಕೊಟ್ಟ ಕಷಾಯದ ಪುಡಿಯೇ ಸರ್ವರೋಗಕ್ಕೂ ಮದ್ದು. ನಮ್ಮನೆಯವರು ಮೈಸೂರಿನವರು, ತುಳಸಿ-ಶುಂಠಿ-ಮೆಣಸು ಬಿಟ್ಟು ಬೇರೆ ಕಷಾಯವೇ ಇಲ್ಲ ಅನ್ನುವ ಪೈಕಿ. ಮೇಲಿನ ಮನೆ ಆಂಟಿ ಒಂದು ಕಟ್ಟು ಆಡುಸೋಗೆ ಸೊಪ್ಪು ತಂದುಕೊಟ್ಟರು. ಗ್ರಂಥಿಗೆ ಅಂಗಡಿಯಲ್ಲಿ ಬೇರೇನೋ ಕೇಳಲು ಹೋದಾಗ ಅಂಗಡಿಯವರು ಜ್ಯೇಷ್ಠಮಧುವಿನ ಪೊಟ್ಟಣ ಕಟ್ಟಿಕೊಟ್ಟರು. ಸರಿ, ಎಲ್ಲವನ್ನೂ ಒಟ್ಟಿಗೆ ಕುಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದು ಹೇಗೆ? ಒಂದೊಂದನ್ನು ಮೂರು ಮೂರು ದಿನ ಕುಡಿಯೋಣ, ರಾತ್ರಿ ಕೆಮ್ಮಿಗೆ ಎಷ್ಟು ಸಲ ಎದ್ದೆವು ಅಂತ ಬರೆದಿಡೋಣ ಎಂದು ತೀರ್ಮಾನ ಮಾಡಿದೆವು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ಇದಕ್ಕೆ ಬಳಕೆಯಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆಗಡಿಯ ಹಿಂದೆ ಬರುವ ಕೆಮ್ಮು ಮೂರು ವಾರದವರೆಗೂ ಎಳೆಯುವುದು ಮಾಮೂಲಿ, ಆಮೇಲೆ ತಾನಾಗಿಯೇ ಹೋಗುತ್ತದೆ. ಹಾಗಾಗಿ ಕೊನೆಯಲ್ಲಿ ಕುಡಿದ ಕಷಾಯಕ್ಕೆ ಯಾವಾಗಲೂ ಪುಕ್ಕಟೆ ಹೆಸರು ಬರುತ್ತದೆ. ನಾನು ನೋಡಿದ್ದು ರೋಗ ವಾಸಿ ಮಾಡಿದ್ದು ಯಾವುದು ಅಂತಲ್ಲ. ಆ ರಾತ್ರಿ ನಿದ್ದೆ ಕೊಟ್ಟಿದ್ದು ಯಾವುದು ಅಂತ.

ಮೊದಲು ಅಮ್ಮನ ಪುಡಿ. ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಒಂದೊಂದು ಚಮಚ ಮೆಣಸು ಮತ್ತು ಮೆಂತ್ಯ, ಒಂದು ತುಂಡು ಒಣಶುಂಠಿ, ನಾಲ್ಕೈದು ಏಲಕ್ಕಿ. ಬೇರೆ ಬೇರೆಯಾಗಿ ಹುರಿದು, ಒಟ್ಟಿಗೆ ಪುಡಿ ಮಾಡಬೇಕು. ಮೆಂತ್ಯ ಒಂದು ಚೂರು ಹೆಚ್ಚು ಹುರಿದರೂ ಇಡೀ ಡಬ್ಬಿ ಕಹಿ. ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ಉಂಡೆ ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ, ಒಲೆ ಆರಿಸಿದ ಮೇಲೆ ಬಿಸಿ ಹಾಲು ಸೇರಿಸಬೇಕು. ಬೆಲ್ಲದ ಜೊತೆ ಹಾಲನ್ನೂ ಕುದಿಸಲು ಹೋದರೆ ಒಡೆದುಹೋಗುತ್ತದೆ. ನಾನು ಮದುವೆಯಾದ ಹೊಸತರಲ್ಲಿ ಮೂರು ಸಲ ಒಡೆಸಿದ್ದೇನೆ.

ಇದು ಔಷಧಿ ಅನ್ನಿಸುವುದೇ ಇಲ್ಲ, ಅದೇ ಇದರ ಗುಣ, ಅದೇ ದೋಷ. ನಮ್ಮ ಕಡೆ ಕಾಫಿ ಬೇಡ ಎಂದವರಿಗೆ 'ಹಾಗಾದ್ರೆ ಕಷಾಯ ಮಾಡ್ಲಾ?' ಅಂತ ಕೇಳುತ್ತಾರೆ. ದಿನಾ ಕುಡಿಯುವ ಪಾನೀಯ ಅದು. ನನ್ನ ಗೊರಗೊರಕ್ಕೆ ಏನೂ ಮಾಡಲಿಲ್ಲ. ಪುಸ್ತಕದಲ್ಲಿ ಮೂರು ರಾತ್ರಿಗೆ 4, 5, 4 ಅಂತ ಇದೆ. ನಮ್ಮನೆಯವರಿಗೆ ಮಾತ್ರ ಬಿಸಿಬಿಸಿ ಕುಡಿದ ಮೇಲೆ ಒಂದು ಗಂಟೆ ಗಂಟಲು ಹಿತವಾಗಿರುತ್ತಿತ್ತು. ಸುಮ್ನೆ ಬಿಸಿ ನೀರು ಕುಡಿದಿದ್ದರೂ ಅಷ್ಟೇ ಆಗುತ್ತಿತ್ತೋ ಏನೋ. ಇದನ್ನು ಅಮ್ಮನಿಗೆ ಹೇಳಿಲ್ಲ.

ಎರಡನೆಯದು ತುಳಸಿ-ಶುಂಠಿ-ಮೆಣಸು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅವಾಂತರ ಆಗಿದ್ದು ಇಲ್ಲಿಯೇ. 2020ರಲ್ಲಿ ಕೊರೊನಾ ಶುರುವಾದಾಗ ಕೇಂದ್ರದ ಆಯುಷ್ ಸಚಿವಾಲಯ ಒಂದು ಕ್ವಾಥದ, ಅಂದರೆ ಕಷಾಯದ, ಪ್ರಮಾಣ ಹೊರಡಿಸಿತ್ತು, ನೆನಪಿದೆಯಾ? ತುಳಸಿ 4 ಪಾಲು, ಚಕ್ಕೆ 2 ಪಾಲು, ಒಣಶುಂಠಿ 2 ಪಾಲು, ಮೆಣಸು 1 ಪಾಲು. ಈ ಪುಡಿ 3 ಗ್ರಾಂ, 150 ಮಿಲಿ ಕುದಿಸಿದ ನೀರಿಗೆ. ಆ ವರ್ಷ ಪ್ರತಿ ಮನೆಯ ಅಡುಗೆಮನೆಯಲ್ಲೂ ಇದು ಕುದಿಯಿತು. ಆದರೆ ಪಾಲು ಯಾರಿಗೂ ನೆನಪಿಲ್ಲ, ಹೆಸರಷ್ಟೇ ನೆನಪು.

ಲೆಕ್ಕ ಹಾಕಿ ನೋಡಿ. ಮೂರು ಗ್ರಾಂ ಪುಡಿಯಲ್ಲಿ ಒಂಬತ್ತರಲ್ಲಿ ಒಂದು ಪಾಲು ಮೆಣಸು. ಅಂದರೆ ಒಂದು ಲೋಟಕ್ಕೆ ಬರುವುದು ಹೆಚ್ಚೆಂದರೆ ಆರೇಳು ಕಾಳು. ನಮ್ಮನೆಯವರು ಹಾಕುತ್ತಿದ್ದದ್ದು ಒಂದು ಹಿಡಿಗೆ ಸ್ವಲ್ಪ ಕಮ್ಮಿ. ಕುಟ್ಟಾಣಿಯಲ್ಲಿ ಜಜ್ಜುವ ಸದ್ದು ಕೇಳಿದರೇ ನನಗೆ ಸೀನು. ಜೊತೆಗೆ ಹೆಬ್ಬೆರಳಿನಷ್ಟು ಹಸಿಶುಂಠಿ. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸುವುದು, ದಿನಕ್ಕೆ ಮೂರು ಸಲ ಕುಡಿಯುವುದು, ಕೊನೆಯದು ಮಲಗುವ ಮುಂಚೆ. 'ಘಾಟು ಇದ್ದರೆ ತಾನೇ ಔಷಧಿ?' ಅನ್ನುವುದು ಅವರ ವಾದ.

ಮೊದಲ ದಿನ ನಿಜವಾಗಿಯೂ ಜೋರಾಗಿ ಕೆಲಸ ಮಾಡಿತು. ಮೂಗು ಬಿಟ್ಟಿತು, ತಲೆ ಹಗುರಾಯಿತು. ನನಗೂ ಕಫ ಸ್ವಲ್ಪ ಸಡಿಲವಾಯಿತು. ಎರಡನೇ ರಾತ್ರಿಯಿಂದ ನಮ್ಮನೆಯವರ ಕೆಮ್ಮು ಬೇರೆ ರೂಪ ತಾಳಿತು. ಹಗಲು ಸುಮ್ಮನಿರುತ್ತದೆ, ಮಲಗಿದ ಅರ್ಧ ಗಂಟೆಗೆ ಶುರು. ಎದ್ದು ಕೂತರೆ ಕಮ್ಮಿ, ಮತ್ತೆ ಮಲಗಿದರೆ ಮತ್ತೆ ಕೆಮ್ಮು. ಬೆಳಗ್ಗೆ ಬಾಯೆಲ್ಲ ಹುಳಿ. ಕೆಮ್ಮು ಜಾಸ್ತಿಯಾಯಿತು ಅಂತ ಅವರು ಮೆಣಸು ಇನ್ನೂ ಜಾಸ್ತಿ ಮಾಡಿದರು! ಮೂರನೇ ರಾತ್ರಿ ಪುಸ್ತಕದಲ್ಲಿ 7 ಅಂತ ಇದೆ, ಪಕ್ಕದಲ್ಲಿ ನನ್ನ ಕೈಬರಹದಲ್ಲಿ 'ನನಗೂ ನಿದ್ದೆ ಇಲ್ಲ' ಅಂತ.

ಅಮ್ಮನಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಎಷ್ಟು ಮೆಣಸು ಹಾಕ್ತಿದೀರ ಮಾರಾಯ್ತಿ?' ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲಿಗೆ ತಾಗಿದರೂ ಕೆಮ್ಮು ಬರುತ್ತದೆ, ಮಲಗಿದಾಗಲೇ ಅದು ಹೆಚ್ಚು. ಆಮೇಲೆ ಡಾಕ್ಟರೂ ಇದನ್ನೇ ಹೇಳಿದರು. ಮೆಣಸನ್ನು ಐದು ಕಾಳಿಗೆ ಇಳಿಸಿ, ರಾತ್ರಿಯ ಲೋಟ ನಿಲ್ಲಿಸಿ, ಊಟವನ್ನು ಎಂಟು ಗಂಟೆಯೊಳಗೆ ಮುಗಿಸಿದ ಮೇಲೆ ಮೂರು ದಿನಕ್ಕೆ ಆ ಮಲಗಿದಾಗಿನ ಕೆಮ್ಮು ಹೋಯಿತು. ಮೂಲ ಒಣ ಕೆಮ್ಮು ಹಾಗೇ ಇತ್ತು, ಅದು ಬೇರೆ ಮಾತು. ಮೂಗು ಕಟ್ಟಿದಾಗ ಬೆಳಗ್ಗೆ ಒಂದು ಲೋಟಕ್ಕೆ ಈ ಕಷಾಯಕ್ಕೆ ಸಮ ಇಲ್ಲ. ಅಸಿಡಿಟಿ ಇರುವವರು ರಾತ್ರಿ ಇದರ ತಂಟೆಗೆ ಹೋಗಬಾರದು.

ಮೂರನೆಯದು ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಇದೊಂದನ್ನು ಆಡೂ ಮುಟ್ಟುವುದಿಲ್ಲ. ಅದಕ್ಕೇ ಹಳ್ಳಿಯಲ್ಲಿ ಬೇಲಿಗೆ ನೆಡುತ್ತಾರೆ. ಉದ್ದನೆಯ ಎಲೆ, ಬಿಳಿ ಹೂವು, ಕಹಿ ಎಂದರೆ ಬೇವಿನ ಅಣ್ಣ. ಕುದಿಸಿ ಕಷಾಯ ಮಾಡಿ ಒಂದು ಸಲ ಕುಡಿದೆ, ಎರಡನೇ ಸಲ ಆಗಲಿಲ್ಲ. ಆಗ ಆಂಟಿ ತಮ್ಮ ಅತ್ತೆ ಮಾಡುತ್ತಿದ್ದ ರೀತಿ ತೋರಿಸಿಕೊಟ್ಟರು. ಹಸಿ ಎಲೆಯನ್ನು ಎಷ್ಟು ಜಜ್ಜಿದರೂ ರಸ ಬಿಡುವುದಿಲ್ಲ. ಆರು ಬಲಿತ ಎಲೆಗಳನ್ನು ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಎಲೆ ಬಾಡಿ, ಕಡು ಬಣ್ಣಕ್ಕೆ ತಿರುಗಿ, ಒದ್ದೆ ಕಾಗದದ ಹಾಗೆ ಮೆತ್ತಗಾಗುತ್ತದೆ. ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಂಡಿದರೆ ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ಆರು ಎಲೆಗೆ ಸಿಕ್ಕಿದ್ದು ಎರಡು ಚಮಚ. ಅದಕ್ಕೆ ಒಂದು ಚಮಚ ಜೇನು, ಚಿಟಿಕೆ ಕಾಳುಮೆಣಸಿನ ಪುಡಿ. ಉಸಿರು ಬಿಗಿ ಹಿಡಿದು ನುಂಗಿದೆ. ಕಹಿ ನಾಲಿಗೆಯ ಹಿಂಬದಿಯಲ್ಲಿ ಮಧ್ಯಾಹ್ನದವರೆಗೂ ಇತ್ತು.

ಆದರೆ ಕಫಕ್ಕೆ ಇದೇ ಗೆದ್ದಿತು. ಗಟ್ಟಿಯಾಗಿ ಕೂತಿದ್ದ ಕಫ ಎರಡನೇ ದಿನಕ್ಕೆ ತೆಳ್ಳಗಾಗಿ ಕೆಮ್ಮಿದರೆ ಹೊರಗೆ ಬರತೊಡಗಿತು. ರಾತ್ರಿಗಳ ಲೆಕ್ಕ 3, 2, 1. ಇದರಲ್ಲಿ ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ಮೆಡಿಕಲ್ ಶಾಪಿನ ಎಷ್ಟೋ ಕೆಮ್ಮಿನ ಸಿರಪ್ಪುಗಳ ಬಾಟಲಿ ತಿರುಗಿಸಿ ಓದಿ, ಬ್ರೋಮ್‌ಹೆಕ್ಸಿನ್ ಅಂತ ಇರುತ್ತದೆ. ಕಫ ತೆಳ್ಳಗೆ ಮಾಡುವ ಆ ಔಷಧಿಯನ್ನು ರೂಪಿಸಿದ್ದು ಇದೇ ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದು. ಹಾಗಂತ ಎಲೆಯಲ್ಲಿ ಎಷ್ಟಿದೆ ಅಂತ ನಮಗೆ ಅಳತೆ ಸಿಗುವುದಿಲ್ಲ, ಸಿರಪ್ಪಿನಲ್ಲಿ ಸಿಗುತ್ತದೆ. ಬಸುರಿಯರಿಗಂತೂ ಆಡುಸೋಗೆ ಬೇಡವೇ ಬೇಡ. ನಮ್ಮನೆಯವರ ಒಣ ಕೆಮ್ಮಿಗೆ ಇದರಿಂದ ಮೂರು ಕಾಸಿನ ಪ್ರಯೋಜನ ಆಗಲಿಲ್ಲ. ಬರೀ ಮುಖ ಕಿವುಚಿದ್ದಷ್ಟೇ ಬಂತು.

ಅವರನ್ನು ಕಾಪಾಡಿದ್ದು ನಾಲ್ಕನೆಯದು, ಜ್ಯೇಷ್ಠಮಧು. ಅತಿಮಧುರ ಅಂತಲೂ ಕರೆಯುತ್ತಾರೆ. ನೋಡಲು ಒಣಗಿದ ಪುಳ್ಳೆಯ ಹಾಗೆ, ಮುರಿದರೆ ಒಳಗೆ ಹಳದಿ ನಾರು. ಬೆರಳುದ್ದದ ತುಂಡನ್ನು ಜಜ್ಜಿ ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದರೆ ಸಾಕು. ಸಕ್ಕರೆ, ಬೆಲ್ಲ ಏನೂ ಬೇಡ, ಬೇರಿನದೇ ಸಿಹಿ. ಮೊದಲ ಗುಟುಕಿಗೆ ಏನೂ ಅನ್ನಿಸುವುದಿಲ್ಲ, ನುಂಗಿದ ಮೇಲೆ ನಿಧಾನವಾಗಿ ಸಿಹಿ ಏರಿ ಗಂಟಲಿಗೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಕೆರೆತ ಇದ್ದ ಜಾಗದಲ್ಲಿ ಒಂದು ಪದರ ಹಚ್ಚಿದಂತೆ. ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಜೇನು ಹಾಕಿ ಮಲಗುವ ಮುಂಚೆ ಕೊಟ್ಟೆ. ಮೂರು ರಾತ್ರಿಗೆ 3, 1, 1. ಜೇನಿಗೂ ಇದರಲ್ಲಿ ಪಾಲಿದೆ, ಖಂಡಿತ. ಬ್ರಿಟನ್ನಿನ ಸರ್ಕಾರಿ ವೈದ್ಯಕೀಯ ಮಾರ್ಗಸೂಚಿಯಲ್ಲೇ ನೆಗಡಿ ಕೆಮ್ಮಿಗೆ ಜೇನು ಕೊಟ್ಟು ನೋಡಿ ಅಂತ ಇದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬಾರದು. ನಮ್ಮಲ್ಲಿ ಹಿರಿಯರು ಪ್ರೀತಿಗೆ ಮಾಡುತ್ತಾರೆ, ಆದರೆ ಆ ವಯಸ್ಸಿನಲ್ಲಿ ಅದು ಬೊಟುಲಿಸಂ ಎಂಬ ಅಪಾಯಕ್ಕೆ ದಾರಿ.

ಇಷ್ಟು ಹೊಗಳಿದ್ದನ್ನು ಫೋನಿನಲ್ಲಿ ಕೇಳಿ ಅಮ್ಮ ತಾನೂ ದಿನಾ ಕುಡಿಯುತ್ತೇನೆ ಅಂದಳು. ನಾನು ಬೇಡ ಅಂದೆ. ಅವಳಿಗೆ ಬಿಪಿ ಇದೆ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು-ನೀರು ನಿಲ್ಲಿಸಿ, ಪೊಟ್ಯಾಸಿಯಂ ಇಳಿಸಿ, ಬಿಪಿ ಏರಿಸುತ್ತದೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರಿಗೆ ಇದು ಆಗಿಬರುವುದಿಲ್ಲ. ಉಳಿದವರೂ ವಾರಗಟ್ಟಲೆ ಕುಡಿಯುವ ವಸ್ತುವಲ್ಲ. ಬಿಪಿಯ ಮಾತು ಬಂತಲ್ಲ, ನಮ್ಮ ಮಾವನವರ ಕಥೆ ಹೇಳಿಬಿಡುತ್ತೇನೆ. ಐದು ತಿಂಗಳು ಒಣ ಕೆಮ್ಮು. ಮನೆಯ ಕಷಾಯ, ಪಕ್ಕದ ಮನೆಯ ಕಷಾಯ, ಎಲ್ಲ ಆಯಿತು. ಕೊನೆಗೆ ನೋಡಿದರೆ ಕಾರಣ ಅವರು ನುಂಗುತ್ತಿದ್ದ ಬಿಪಿ ಮಾತ್ರೆ. ಎನಲಾಪ್ರಿಲ್, ರಾಮಿಪ್ರಿಲ್ ತರಹ 'ಪ್ರಿಲ್' ಅಂತ ಮುಗಿಯುವ ಮಾತ್ರೆಗಳು ಕೆಲವರಿಗೆ ಕೆಮ್ಮು ತರುತ್ತವೆ. ಡಾಕ್ಟರು ಮಾತ್ರೆ ಬದಲಿಸಿದರು, ಕೆಲವೇ ವಾರಕ್ಕೆ ಕೆಮ್ಮು ನಿಂತಿತು. ಅಷ್ಟು ದಿನದ ತುಳಸಿಗೆ ಪಾಪ ಸುಮ್ಮನೆ ಕೆಟ್ಟ ಹೆಸರು.

ದೊಡ್ಡಪತ್ರೆಯನ್ನು ಯಾಕೆ ಬಿಟ್ಟಿರಿ ಅಂತ ಕೇಳುತ್ತೀರಿ. ಬಿಟ್ಟಿಲ್ಲ, ಆದರೆ ನಮ್ಮನೆಯಲ್ಲಿ ಅದು ತಂಬುಳಿಗೆ ಹೋಗುತ್ತದೆಯೇ ಹೊರತು ಕಷಾಯಕ್ಕಲ್ಲ. ಎರಡು ಎಲೆ ಕೆಂಡದಲ್ಲಿ ಬಾಡಿಸಿ ರಸ ಹಿಂಡಿ ಮಕ್ಕಳಿಗೆ ಕುಡಿಸುತ್ತಿದ್ದದ್ದು ನೆನಪಿದೆ. ದೊಡ್ಡವರ ಕೆಮ್ಮಿಗೆ ಅದನ್ನು ಪರೀಕ್ಷೆಗೆ ಒಡ್ಡಲಿಲ್ಲ. ಇನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಹರ್ಬಲ್ ಟೀ ಪೊಟ್ಟಣವೂ ಒಂದು ಮನೆಗೆ ಬಂದಿತ್ತು. ಹಿಂದುಗಡೆ ಸಣ್ಣ ಅಕ್ಷರ ಓದಿದರೆ ಎಲ್ಲಕ್ಕಿಂತ ಮೊದಲು ಇದ್ದದ್ದು ಸಕ್ಕರೆ. ರುಚಿಯಾಗಿತ್ತು. ಅಷ್ಟೇ.

ಪ್ರಯೋಗದ ನಡುವೆ ನನ್ನ ಕೆಮ್ಮಿಗೆ ಹದಿನೈದು ದಿನ ದಾಟಿತು. ರಾತ್ರಿ ಕಡಿಮೆಯಾಗಿದ್ದರೂ ಹಗಲು ಇತ್ತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅನ್ನುವುದು ನಮ್ಮ ದೇಶದ ಕ್ಷಯರೋಗ ಕಾರ್ಯಕ್ರಮದ ನಿಯಮ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಬೆಳಗ್ಗೆ ಎದ್ದ ತಕ್ಷಣದ ಕಫ ಬೇಕು ಅಂತ ಮುಚ್ಚಳದ ಡಬ್ಬಿ ಕೊಟ್ಟರು. ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಆಟೋದಲ್ಲಿ ಕೂತಾಗ ನಿಜವಾಗಿ ಹೆದರಿಕೆಯಾಗಿತ್ತು. ಏನೂ ಇಲ್ಲ ಅಂತ ಬಂತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಇನ್ನೊಂದು ವಾರ ಕಾಯಿರಿ ಅಂದರು. ಆಡುಸೋಗೆ ಕುಡಿಯುತ್ತಿದ್ದೇನೆ ಅಂದೆ. ಕುಡಿಯಿರಿ, ಆದರೆ ಜ್ವರ ಬಂದರೆ, ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ಎಲೆ ಹುಡುಕುತ್ತಾ ಕೂರಬೇಡಿ, ನೇರ ಇಲ್ಲಿಗೆ ಬನ್ನಿ ಅಂದರು.

ಈಗ ನಮ್ಮ ಅಡುಗೆಮನೆಯಲ್ಲಿ ಪಕ್ಷಗಳು ಇತ್ಯರ್ಥವಾಗಿವೆ. ಕಫ ಕಟ್ಟಿದರೆ ಆಡುಸೋಗೆ, ಅದೂ ನಾಲ್ಕೈದು ದಿನ ಮಾತ್ರ. ಆಂಟಿ ಕೊಟ್ಟ ಕಡ್ಡಿ ಬಾಲ್ಕನಿಯ ಕುಂಡದಲ್ಲಿ ಚಿಗುರಿದೆ. ಗಂಟಲು ಕೆರೆದರೆ ರಾತ್ರಿ ಜ್ಯೇಷ್ಠಮಧು. ಮೂಗು ಕಟ್ಟಿದರೆ ಬೆಳಗ್ಗೆ ತುಳಸಿ, ಮೆಣಸು ಎಣಿಸಿ ಐದು. ಕೆಮ್ಮು ಇಲ್ಲದ ದಿನಕ್ಕೆ ಅಮ್ಮನ ಪುಡಿ. ಹಾಗೆ ನೋಡಿದರೆ ಹೆಚ್ಚು ದಿನ ಕುಡಿಯುವುದು ಅದನ್ನೇ.

ಹೋದ ವಾರ ಊರಿಂದ ಬಂದವರ ಕೈಯಲ್ಲಿ ಅಮ್ಮ ಹೊಸ ಡಬ್ಬಿ ಕಳಿಸಿದ್ದಳು. ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿತ್ತು: 'ಮೆಣಸು ಅರ್ಧ ಹಾಕಿದ್ದೇನೆ. ಅಳಿಯಂದಿರಿಗೆ ತೋರಿಸಬೇಡ, ಮೇಲಿಂದ ಹಾಕಿಕೊಂಡಾರು.'