ಐನ್ಯಾಚುರಲಿಸ್ಟ್ ಆ್ಯಪ್: ಕಾಡಣಬೆ ಗುರುತಿಸಲು ಎಷ್ಟರ ಮಟ್ಟಿಗೆ ನಂಬಬಹುದು?

ಮಳೆ ಹಿಡಿದ ಮೇಲೆ ತೋಟದಂಚು, ಹುತ್ತದ ಮಗ್ಗುಲು, ಹುಲ್ಲುಹಾಸು ಎಲ್ಲೆಂದರಲ್ಲಿ ಅಣಬೆ ಏಳುತ್ತವೆ. ಜೊತೆಗೇ ‘ಇದು ತಿನ್ನೋದಾ?’ ಎಂಬ ಪ್ರಶ್ನೆಯೂ ಏಳುತ್ತದೆ. ಈಗ ಬಹಳ ಜನ ಫೋನ್ ತೆಗೆದು ಉತ್ತರ ಹುಡುಕುತ್ತಾರೆ. ಅದಕ್ಕೆ ಸಿಗುವ ಸಾಧನಗಳಲ್ಲಿ ಐನ್ಯಾಚುರಲಿಸ್ಟ್ ಒಳ್ಳೆಯದು. 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು, 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿದೆ. ಹಣ ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಅಣಬೆ ಕಲಿಯುವವರಿಗೆ ಇದಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಸಾರಿಗೆ ಹಾಕಲು ಅಣಬೆ ಆರಿಸುವವರಿಗೆ ಮಾತ್ರ ಒಂದು ಅಂಕವನ್ನೂ ಕೊಡಲಾಗದು. ಕಾರಣ, ಆ್ಯಪ್ ನೋಡುವುದು ನೀವು ತೋರಿಸಿದ್ದನ್ನು ಮಾತ್ರ. ಹೆಚ್ಚಿನವರು ತೋರಿಸುವುದು ಕೊಡೆಯ ಮೇಲ್ಭಾಗವನ್ನು. ಅಣಬೆಯ ಗುರುತು ಇರುವುದು ಕೊಡೆಯ ಕೆಳಗೆ ಮತ್ತು ಮಣ್ಣಿನೊಳಗೆ.

ಫೋಟೋ ಹಾಕಿದ ಕೂಡಲೇ ಬರುವ ಹೆಸರುಗಳ ಪಟ್ಟಿ ಯಂತ್ರದ ಸಲಹೆ. ಅದು ಒಂದು ಸಲಕ್ಕೆ ಒಂದೇ ಫೋಟೋ ನೋಡಿ, ಈಗಾಗಲೇ ಕಲಿತ ಚಿತ್ರಗಳ ಜೊತೆ ಹೋಲಿಸುತ್ತದೆ. ಸುತ್ತಮುತ್ತ ಯಾವುದು ಸಿಕ್ಕಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಾಕಷ್ಟು ಫೋಟೋ ಇಲ್ಲದ ಜಾತಿಯನ್ನು ಅದು ಕಲಿತೇ ಇರುವುದಿಲ್ಲ. ಪಶ್ಚಿಮ ಘಟ್ಟದ ಎಷ್ಟೋ ಅಣಬೆಗಳ ಗತಿ ಇದೇ. ಆಗ ಅದು ನೋಡಲು ಹತ್ತಿರವಿರುವ ಯುರೋಪಿನ ಅಥವಾ ಅಮೆರಿಕದ ಜಾತಿಯೊಂದರ ಹೆಸರು ಮುಂದಿಡಬಹುದು. ಆದ್ದರಿಂದ ಪಟ್ಟಿಯ ಮೊದಲ ಹೆಸರನ್ನು ಒತ್ತಿ ಮುಗಿಸಬೇಡಿ. ಜಾತಿಯ ಬದಲು ಕುಲದ (ಹತ್ತಿರದ ಜಾತಿಗಳ ಗುಂಪಿನ) ಮಟ್ಟದಲ್ಲಿ, ಅನುಮಾನ ಇನ್ನೂ ಹೆಚ್ಚಿದ್ದರೆ ಬರೀ ‘ಶಿಲೀಂಧ್ರ’ ಎಂದು ಗುರುತಿಸಿ ಬಿಡಿ. ಆ್ಯಪ್ ಬಳಸುವವರಲ್ಲೇ ತಿಳಿದವರು ಬಂದು ಮುಂದುವರಿಸುತ್ತಾರೆ. ಆ್ಯಪಿನ ನಿಜವಾದ ಬೆಲೆ ಇರುವುದು ಈ ಜನರಲ್ಲಿ.

ಹುಲ್ಲುಹಾಸಿನ ದೊಡ್ಡ ಬಿಳಿ ಅಣಬೆಯನ್ನೇ ತೆಗೆದುಕೊಳ್ಳಿ: ಕ್ಲೋರೋಫಿಲಮ್ ಮೊಲಿಬ್ಡೈಟಿಸ್. ಮಳೆ ಬಿದ್ದ ಮೇಲೆ ಉದ್ಯಾನ, ಆಟದ ಮೈದಾನಗಳಲ್ಲಿ ವೃತ್ತಾಕಾರವಾಗಿ ಏಳುತ್ತದೆ. ಬಿಳಿ ಕೊಡೆ, ನಡುವೆ ಕಂದು ಚಕ್ಕೆ, ಕಾಂಡದ ಮೇಲೆ ಸರಿದಾಡುವ ಉಂಗುರ. ಮೇಲಿನಿಂದ ನೋಡಿದರೆ ತಿನ್ನುವ ಮ್ಯಾಕ್ರೋಲೆಪಿಯೋಟಾ ಅಣಬೆಯಂತೆಯೇ ಕಾಣುತ್ತದೆ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಭೇದಿ. ವ್ಯತ್ಯಾಸ ತೋರಿಸುವುದು ಕಿವಿರು, ಅಂದರೆ ಕೊಡೆಯಡಿಯ ತೆಳು ಪದರಗಳು. ಎಳೆಯದರಲ್ಲಿ ಅವೂ ಬಿಳಿ, ಮೋಸ ಹೋಗುವುದು ಅಲ್ಲೇ. ಬಲಿತ ಮೇಲೆ ಬೂದು ಬೆರೆತ ಹಸಿರಿಗೆ ತಿರುಗುತ್ತವೆ. ಬೀಜಾಣುವಿನ ಅಚ್ಚು, ಅಂದರೆ ಕಾಗದದ ಮೇಲಿಟ್ಟ ಕೊಡೆಯಿಂದ ಉದುರಿದ ಬೀಜಾಣುಗಳ ಗುರುತು, ತೆಗೆದರೆ ಹಸಿರು ಬರುತ್ತದೆ, ಮ್ಯಾಕ್ರೋಲೆಪಿಯೋಟಾದ ಅಚ್ಚು ಬಿಳಿ. ಕೊಡೆಯ ಫೋಟೋ ಎಷ್ಟೇ ಚೆನ್ನಾಗಿದ್ದರೂ ಈ ಹಸಿರನ್ನು ತೋರಿಸಲಾರದು.

ಹಾಗಾಗಿ ಒಂದು ಅಣಬೆಗೆ ಕನಿಷ್ಠ ನಾಲ್ಕು ಫೋಟೋ ಬೇಕು. ನಾಲ್ಕನ್ನೂ ಒಂದೇ ದಾಖಲೆಗೆ ಸೇರಿಸಿ. ಬೇರೆ ಬೇರೆ ದಾಖಲೆ ಮಾಡಿದರೆ ಗುರುತಿಸುವವರಿಗೆ ಕೊಡೆಯೊಂದು ಕಡೆ, ಬುಡವೊಂದು ಕಡೆ ಆಗುತ್ತದೆ. ಮೊದಲನೆಯದು ಕೊಡೆಯ ಮೇಲ್ಭಾಗ, ಪಕ್ಕದಲ್ಲಿ ನಾಣ್ಯ ಇಟ್ಟು. ಇಲ್ಲಿ ಬಣ್ಣಕ್ಕಿಂತ ಮೇಲ್ಮೈ ಮುಖ್ಯ. ಎಷ್ಟೋ ಅಣಬೆಗಳ ಕೊಡೆ ನೆನೆದಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು. ಚಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ಪ್ರಾಣ ತೆಗೆಯುವ ಜಾತಿಗಳೂ ಇರುವ ಅಮಾನಿಟಾ ಕುಲದಲ್ಲಿ ಅವು ಎಳೆಯ ಅಣಬೆಯನ್ನು ಮುಚ್ಚಿದ್ದ ಪೊರೆಯ ಚೂರುಗಳು, ಸುಲಭವಾಗಿ ಎದ್ದು ಬರುತ್ತವೆ. ಜೋರು ಮಳೆಗೆ ತೊಳೆದು ಹೋಗುವುದೂ ಉಂಟು, ಆದ್ದರಿಂದ ಚಕ್ಕೆ ಇಲ್ಲದ ಮಾತ್ರಕ್ಕೆ ಅಮಾನಿಟಾ ಅಲ್ಲ ಎನ್ನುವಂತಿಲ್ಲ. ಕ್ಲೋರೋಫಿಲಮ್‌ನಲ್ಲಿ ಚಕ್ಕೆ ಕೊಡೆಯ ಸಿಪ್ಪೆಯದೇ ಭಾಗ.

ಎರಡನೆಯದು ಕಿವಿರು. ಫೋನ್ ಕ್ಯಾಮೆರಾ ಎಡವುವುದು ಇಲ್ಲಿ. ಬಿಳಿ ಪದರಗಳ ಮೇಲೆ ಬೆಳಕು ಹೆಚ್ಚಾಗಿ ಎಲ್ಲವೂ ಸುಣ್ಣ ಬಳಿದಂತೆ ಬರುತ್ತದೆ. ಪರದೆಯಲ್ಲಿ ಕಿವಿರಿನ ಮೇಲೆ ಒತ್ತಿ ಫೋಕಸ್ ಮಾಡಿ, ಬೆಳಕನ್ನು ಸ್ವಲ್ಪ ತಗ್ಗಿಸಿ, ಫ್ಲಾಶ್ ಬೇಡ. ಮರದಡಿಯ ಬೆಳಕೇ ಹಸಿರು, ಅದರಲ್ಲಿ ಬಿಳಿ ಕಿವಿರೂ ಹಸಿರಾಗಿ ಕಾಣಬಹುದು. ಪಕ್ಕದಲ್ಲಿ ಬಿಳಿ ಕಾಗದದ ತುಂಡು ಇಟ್ಟರೆ ನೋಡುವವರಿಗೆ ನಿಜವಾದ ಬಣ್ಣ ಅಂದಾಜಾಗುತ್ತದೆ. ಆಮೇಲೆ ಒಂದು ಅಣಬೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಕಿವಿರು ಕಾಂಡವನ್ನು ಸೇರುವ ಜಾಗದ ಫೋಟೋ ತೆಗೆಯಿರಿ. ಇದು ಮೂರನೆಯದು. ಕಾಂಡಕ್ಕೆ ತಾಗದೆ ಬಿಡಿಯಾಗಿ ನಿಂತಿದೆಯೇ, ನೇರ ಬಂದು ಅಂಟಿದೆಯೇ, ಚಿಪ್ಪಣಬೆಯಲ್ಲಿರುವಂತೆ ಕಾಂಡದ ಮೇಲೆ ಇಳಿದಿದೆಯೇ ಎಂಬುದೊಂದರಿಂದಲೇ ಎಷ್ಟೋ ಕುಲಗಳು ಬೇರೆಯಾಗುತ್ತವೆ. ಬರೀ ಮೇಲಿನಿಂದ ನೋಡಿ ಇದನ್ನು ಹೇಳಲಾಗದು.

ನಾಲ್ಕನೆಯದು ಬುಡ. ಕಾಂಡ ಹಿಡಿದು ಕಿತ್ತರೆ ಬುಡ ಮಣ್ಣಲ್ಲೇ ಉಳಿಯುತ್ತದೆ, ಅದರೊಂದಿಗೆ ಅಮಾನಿಟಾದ ಅತಿ ಮುಖ್ಯ ಗುರುತಾದ, ಬುಡವನ್ನು ಸುತ್ತಿದ ಚೀಲವೂ. ಚಾಕು ಅಥವಾ ಕಡ್ಡಿಯಿಂದ ಸುತ್ತ ಮಣ್ಣು ಬಿಡಿಸಿ, ಪೂರ್ತಿ ಎತ್ತಿ. ನಮ್ಮಲ್ಲಿ ಬಹಳ ಬೇಡಿಕೆಯ ಹುತ್ತದ ಅಣಬೆ, ಅಂದರೆ ಟರ್ಮಿಟೋಮೈಸಿಸ್, ಇಲ್ಲೇ ತನ್ನ ಪರಿಚಯ ಕೊಡುವುದು. ಅದರ ದೊಡ್ಡ ಜಾತಿಗಳಲ್ಲಿ ಬುಡದಿಂದ ಬೇರಿನಂಥ ಉದ್ದ ಬಾಲ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಕೊಡೆಯ ನಡುವೆ ಮಣ್ಣು ಸೀಳಿ ಮೇಲೆ ಬರಲು ಮೊನೆಯಂಥ ಉಬ್ಬು. ಕಿವಿರು ಒತ್ತಾಗಿ, ಬಿಡಿಯಾಗಿ, ಮೊದಲು ಬಿಳಿಯಿದ್ದು ಆಮೇಲೆ ನಸುಗೆಂಪಿಗೆ ತಿರುಗುತ್ತದೆ. ಅಮಾನಿಟಾದ ಕಿವಿರೂ ಬಿಡಿಯೇ, ಹೆಚ್ಚಿನ ಜಾತಿಗಳಲ್ಲಿ ಬಿಳಿಯೇ. ಆದರೆ ಅದರ ಅಚ್ಚು ಬಿಳಿ, ಟರ್ಮಿಟೋಮೈಸಿಸ್‌ನದು ನಸುಗೆಂಪು. ನೂರಾರು ಒಟ್ಟಿಗೆ ಏಳುವ ಸಣ್ಣ ಜಾತಿಗೆ ಮಾತ್ರ ಆ ಬಾಲ ಇರುವುದಿಲ್ಲ. ಇನ್ನೊಂದು ಗೊಂದಲ ಭತ್ತದ ಹುಲ್ಲಿನ ಅಣಬೆಯದು: ಅದಕ್ಕೂ ಬುಡದಲ್ಲಿ ಚೀಲವಿದೆ. ಉಂಗುರವಿಲ್ಲ, ಅಚ್ಚು ನಸುಗೆಂಪು. ಆದರೆ ಮೊಟ್ಟೆಯಂತೆ ಮುಚ್ಚಿಕೊಂಡಿರುವಾಗ ಕಾಡಿನಲ್ಲಿ ಸಿಕ್ಕರೆ ಎಳೆಯ ಅಮಾನಿಟಾದಿಂದ ಬೇರ್ಪಡಿಸುವುದು ಕಷ್ಟ, ಆ ಸ್ಥಿತಿಯಲ್ಲಿ ಮುಟ್ಟದಿರುವುದೇ ಮೇಲು.

ಅಚ್ಚು ತೆಗೆಯುವ ಕೆಲಸ ಆ್ಯಪ್ ಮಾಡಿಕೊಡುವುದಿಲ್ಲ, ನೀವೇ ಮಾಡಿ ಅದರ ಫೋಟೋವನ್ನೂ ಅದೇ ದಾಖಲೆಗೆ ಸೇರಿಸಬೇಕು. ಪೂರ್ತಿ ಅರಳಿದ ಕೊಡೆ ಆರಿಸಿ. ಮುಚ್ಚಿಕೊಂಡಿರುವ ಎಳೆಯದು ಅಚ್ಚು ಬಿಡುವುದಿಲ್ಲ. ಕಾಂಡವನ್ನು ಕಿವಿರಿನ ಮಟ್ಟಕ್ಕೆ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕಿವಿರು ಕೆಳಗಾಗುವಂತೆ ಇಟ್ಟು, ಮೇಲೆ ಬಟ್ಟಲು ಕವುಚಿ, 6ರಿಂದ 12 ಗಂಟೆ ಬಿಡಿ. ಬರೀ ಬಿಳಿ ಕಾಗದವಾದರೆ ಬಿಳಿ ಅಚ್ಚು ಕಾಣುವುದೇ ಇಲ್ಲ. ಕೊಡೆ ಒದ್ದೆಯಾಗಿದ್ದರೆ ಅಚ್ಚು ಕಲಸಿಹೋಗುತ್ತದೆ, ಮೊದಲು ಒರೆಸಿ. ಕಾಡಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದರೆ ಬೆವರಿ ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿ ತನ್ನಿ.

ಇಬ್ಬರು ಅಥವಾ ಹೆಚ್ಚು ಜನ ಗುರುತಿಸಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಂದೇ ಜಾತಿಗೆ ಒಪ್ಪಿದರೆ ದಾಖಲೆಗೆ ‘ರಿಸರ್ಚ್ ಗ್ರೇಡ್’ ಮುದ್ರೆ ಬೀಳುತ್ತದೆ. ಈ ಮುದ್ರೆಗೂ ತಿನ್ನಲು ಯೋಗ್ಯ ಎಂಬುದಕ್ಕೂ ಸಂಬಂಧವಿಲ್ಲ. ಅವರು ಒಪ್ಪಿದ್ದು ನಿಮ್ಮ ಫೋಟೋದಲ್ಲಿರುವ ಒಂದು ಅಣಬೆಗೆ, ಬುಟ್ಟಿಯಲ್ಲಿರುವ ಉಳಿದವಕ್ಕಲ್ಲ. ಪ್ರಾಣ ತೆಗೆಯುವ ಅಮಾನಿಟಾಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ಬೆಳ್ಳಿ ಚಮಚ, ಬೆಳ್ಳುಳ್ಳಿ ಕಪ್ಪಾಗುವ ಪರೀಕ್ಷೆಗೆ ಸಿಗುವುದೂ ಇಲ್ಲ. ತಿಂದು ಆರು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ ವಾಂತಿ, ಭೇದಿ ಶುರುವಾಗಿ, ನಡುವೆ ವಾಸಿಯಾದಂತೆ ಕಂಡು, ಆಮೇಲೆ ಯಕೃತ್ತು ಕೆಡುತ್ತದೆ. ಅಂಥ ಹೊತ್ತಿನಲ್ಲಿ ಆ್ಯಪಿನ ಉತ್ತರಕ್ಕೆ ಕಾಯಬೇಡಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿ.

ನೆಟ್‌ವರ್ಕ್ ಇಲ್ಲದ ಕಡೆ ಫೋಟೋ ತೆಗೆದಿಟ್ಟು ಮನೆಗೆ ಬಂದು ಹಾಕಬಹುದು. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಜಾಗ ತಾನಾಗಿ ಬರುತ್ತದೆ. ವರ್ಷ ವರ್ಷ ಅಣಬೆ ಏಳುವ ಹುತ್ತದ ಗುಟ್ಟನ್ನು ಯಾರೂ ಊರಿಗೆಲ್ಲ ಸಾರುವುದಿಲ್ಲ. ಆ್ಯಪಿನಲ್ಲೂ ಸಾರಬೇಕಿಲ್ಲ. ಜಾಗ ಮರೆಮಾಡುವ ‘ಜಿಯೋಪ್ರೈವೆಸಿ’ ಆಯ್ಕೆಯಲ್ಲಿ ‘ಅಬ್ಸ್ಕ್ಯೂರ್ಡ್’ ಆಯ್ದುಕೊಂಡರೆ ನಿಜವಾದ ಜಾಗದ ಬದಲು ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗಿನ ಯಾವುದೋ ಒಂದು ಬಿಂದು ಕಾಣುತ್ತದೆ. ಮಕ್ಕಳ ಕೈಗೆ ಕೊಡುವುದಾದರೆ ಇದೇ ಸಂಸ್ಥೆಯ ಸೀಕ್ ಆ್ಯಪ್ ಸಾಕು. ಅದಕ್ಕೆ ಖಾತೆ ತೆರೆಯಬೇಕಿಲ್ಲ. ಆದರೆ ಅದರಲ್ಲಿ ಸಿಗುವುದು ಯಂತ್ರದ ಸಲಹೆ ಮಾತ್ರ, ತಿದ್ದುವ ಜನರಿಲ್ಲ. ಕೊಡೆ ಮಗುಚಿ ಕಿವಿರು ತೋರಿಸಲು ಮಕ್ಕಳಿಗೆ ನೀವೇ ಹೇಳಿಕೊಡಬೇಕು.