ಕುಂಡಗಳ ಹನಿ ನೀರಾವರಿ ಕಿಟ್: ಪೈಪು ಪರವಾಗಿಲ್ಲ, ಕೆಂಪು ಡ್ರಿಪ್ಪರ್‌ನದ್ದೇ ತಕರಾರು

ಗಿಡ ಬಾಡಿದ ಮೇಲೆ ತರುವ ಸಾಮಾನಲ್ಲ ಇದು, ಬಿಸಿಲು ಬಲಿಯುವ ಮೊದಲೇ ಕೂರಿಸಬೇಕು. ಇಪ್ಪತ್ತು ಇಪ್ಪತ್ತೈದು ಕುಂಡಗಳಿಗೆಂದು ಸಿಗುವ ಸಾಮಾನ್ಯ ಕಿಟ್‌ನಲ್ಲಿ 16 ಮಿ.ಮೀ. ಮುಖ್ಯ ಪೈಪು, 4 ಮಿ.ಮೀ. ಕವಲು ಪೈಪು, ಜೋಡಣೆಯ ತುಂಡುಗಳು, ಪೈಪಿಗೆ ತೂತು ಹಾಕುವ ಪಂಚ್, ಹನಿ ಬಿಡುವ ಕೆಂಪು ತಲೆಯ ಡ್ರಿಪ್ಪರ್‌ಗಳು ಇರುತ್ತವೆ. ಫಿಲ್ಟರ್ ಇಲ್ಲದಿದ್ದರೆ 120 ಮೆಷ್‌ನ, ಅಂದರೆ ಸಣ್ಣ ಕಣ್ಣಿನ ಜಾಲರಿಯದ್ದೊಂದನ್ನು ಬೇರೆ ತಂದು ಹಾಕಿ. ಅದಿಲ್ಲದೆ ಟ್ಯಾಂಕಿನ ಕೆಸರೆಲ್ಲ ಡ್ರಿಪ್ಪರ್ ಬಾಯಲ್ಲೇ ಕೂರುತ್ತದೆ.

ಪೈಪು ಕಪ್ಪಗಿದ್ದರೆ ಒಳ್ಳೆಯದು. ಪಾರದರ್ಶಕ ಪೈಪಿನೊಳಗೆ ಬೆಳಕು ಹೋಗಿ ಪಾಚಿ ಕಟ್ಟುತ್ತದೆ. ಜೋಡಿಸುವಾಗ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಸಲೀಸಾಗಿ ಕೂರುತ್ತದೆ, ಬೆರಳೂ ಉಳಿಯುತ್ತದೆ.

ನಿಜವಾದ ತಲೆನೋವು ಆ ಕೆಂಪು ಡ್ರಿಪ್ಪರ್. ತಲೆಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಹನಿ ಹೋಗಿ ಚಿಲುಮೆಯಾಗುತ್ತದೆ. ಮೊದಲ ಕುಂಡದಲ್ಲಿ ಕೆರೆ, ಕೊನೆಯದರಲ್ಲಿ ಬರ. ಕಾರಣ ಒತ್ತಡ. ನೀರು ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.1 ಬಾರ್ ಮಾತ್ರ, ಆದರೆ ಪೊಟ್ಟಣದ ಮೇಲಿನ ‘ಗಂಟೆಗೆ ಇಷ್ಟು ಲೀಟರ್’ ಎಂಬ ಲೆಕ್ಕ ಸಾಮಾನ್ಯವಾಗಿ ಒಂದು ಬಾರ್‌ನದ್ದು. ತಾರಸಿಯಲ್ಲೇ ಕೂತ ಟ್ಯಾಂಕಿಗೆ ಆ ಲೆಕ್ಕ ಹೊಂದುವುದಿಲ್ಲ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳೂ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಬದಲು ನೀರನ್ನು ಸಾಲಿನ ಒಂದು ತುದಿಯಿಂದ ಬಿಡದೆ ನಡುವಿನಿಂದ ಬಿಡಿ, ವ್ಯತ್ಯಾಸ ಬಹಳ ತಗ್ಗುತ್ತದೆ. ಮೊದಲ ಮತ್ತು ಕೊನೆಯ ಡ್ರಿಪ್ಪರ್ ಕೆಳಗೆ ಪಾತ್ರೆಯಿಟ್ಟು 15 ನಿಮಿಷ ಅಳೆಯಿರಿ. ಗಂಟೆಗೆ ಎರಡು ಲೀಟರ್ ಬೇಕೆಂದಿದ್ದರೆ ಎರಡರಲ್ಲೂ ಅರ್ಧ ಲೀಟರ್ ಬಿದ್ದಿರಬೇಕು.

ಟೈಮರ್ ಕೊಳ್ಳುವವರು ಬಾಲ್ ವಾಲ್ವ್‌ನದ್ದನ್ನೇ, ಅಂದರೆ ತೂತಿರುವ ಗುಂಡು ತಿರುಗಿ ನೀರು ಬಿಡುವುದನ್ನೇ ಆರಿಸಿ. ವಿದ್ಯುತ್ಕಾಂತದಿಂದ ತೆರೆಯುವ ಅನೇಕ ಸೊಲೆನಾಯ್ಡ್ ವಾಲ್ವ್‌ಗಳು ಕಡಿಮೆ ಒತ್ತಡಕ್ಕೆ ಸರಿಯಾಗಿ ತೆರೆಯುವುದೇ ಇಲ್ಲ.

ಇನ್ನು ಕಿಟ್‌ನ ಮೇಲೆ ಸುಮ್ಮನೆ ಬರುವ ಒಂದು ಅಪವಾದ: ‘ಹನಿ ಬೀಳುತ್ತಿದೆ, ಗಿಡ ಮಾತ್ರ ಸೊರಗುತ್ತಿದೆ.’ ಪೂರ್ತಿ ಒಣಗಿದ ಕೊಕೊಪೀಟ್ (ಕುಂಡಕ್ಕೆ ತುಂಬುವ ತೆಂಗಿನ ನಾರಿನ ಪುಡಿ) ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಬಿದ್ದ ನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಆಚೆ ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಪೈಪು ಹಾಕುವ ಮುನ್ನ ಕುಂಡವನ್ನು ನೀರಿನ ಟಬ್‌ನಲ್ಲಿಟ್ಟು, ಗುಳ್ಳೆ ನಿಲ್ಲುವ ತನಕ ನೆನೆಸಿ. ಡ್ರಿಪ್ಪರ್ ಕಾಂಡಕ್ಕೆ ತಾಗದಂತೆ, ಕಾಂಡಕ್ಕೂ ಅಂಚಿಗೂ ನಡುವೆ ಇರಲಿ. ಮೇಲೆ ಐದು ಸೆಂ.ಮೀ. ಒಣ ಎಲೆ ಹೊದಿಸಿ. ಫಲ ಬಿಟ್ಟ ಟೊಮೆಟೊ, ಬದನೆಗೆ ನೀರನ್ನು ಸೂರ್ಯೋದಯಕ್ಕೆ ಮುನ್ನ ಮತ್ತು ಸಂಜೆ ಎರಡು ಕಂತಾಗಿ ಕೊಡುವುದು ಲೇಸು. ನಡುಹಗಲು ಬೇಡ. ಕಪ್ಪು ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ. ಕಳ್ಳಿ, ಲೋಳೆಸರ ಇದೇ ಸಾಲಿನಲ್ಲಿದ್ದರೆ ಕೊಳೆಯುತ್ತವೆ, ಅವನ್ನು ಹೊರಗಿಡಿ.

ಹದಿನೈದು ದಿನಕ್ಕೊಮ್ಮೆ ಕೊನೆಯ ಮುಚ್ಚಳ ತೆಗೆದು ಒಂದು ನಿಮಿಷ ನೀರು ಹರಿಸಿ. ಗಡಸು ನೀರಿನಿಂದ ಸುಣ್ಣ ಕಟ್ಟಿದ ಡ್ರಿಪ್ಪರ್‌ಗಳನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಡಿ. ಸೂಜಿಯಿಂದ ಕೆದಕಬೇಡಿ, ತೂತು ಹಿಗ್ಗಿದರೆ ಆ ಕುಂಡವೊಂದೇ ಉಳಿದವುಗಳ ಪಾಲನ್ನೂ ಕುಡಿಯುತ್ತದೆ.