ಸೀಲ್ ಆದ ಗೇರ್‌ಬಾಕ್ಸ್‌ಗೆ ಆಯಿಲ್ ಬದಲಿಸಬೇಕಾ? ಹುಬ್ಬಳ್ಳಿಯಲ್ಲಿ ನನ್ನ ಫಾರ್ಚುನರ್‌ಗೆ ಮಾಡಿಸಿದ್ದು

ನಮ್ಮದು 2017ರ ಟೊಯೊಟಾ ಫಾರ್ಚುನರ್. 2.8 ಲೀಟರ್ ಡೀಸೆಲ್, ಫೋರ್ ಬೈ ಫೋರ್, ಆರು ಗೇರಿನ ಆಟೋಮ್ಯಾಟಿಕ್. ಮನೆ ಹುಬ್ಬಳ್ಳಿಯಲ್ಲಿ ಉಣಕಲ್ ಕಡೆ, ಹೊಲ ನವಲಗುಂದದ ಕಡೆ. ಈ ಗಾಡಿಯ ಎಂಜಿನ್, ಸೀಟು, ಸಸ್ಪೆನ್ಷನ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಗೇರ್‌ಬಾಕ್ಸ್ ಆಯಿಲ್ ಬಗ್ಗೆ ಮಾತ್ರ. ಇದು ಸೀಲ್ ಆದ ಗೇರ್‌ಬಾಕ್ಸ್, ಆಯಿಲ್ ಬದಲಿಸಲು ಬಿಚ್ಚಲೇಬಾರದು ಅನ್ನುವವರು ಇದ್ದಾರೆ. 80 ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಅದನ್ನು ಬದಲಿಸಿದೆ. ಆಮೇಲೆ ಒಂದೆರಡು ಮಳೆಗಾಲ ಓಡಿಸಿದ್ದೇನೆ. ಹಾಗಾಗಿ ಈಗ ಧೈರ್ಯವಾಗಿ ಹೇಳಬಹುದು.

ಗಾಡಿಗೆ ಏನೂ ತೊಂದರೆ ಇರಲಿಲ್ಲ. ಗೇರು ಜಗ್ಗುವುದು, ನಡುಗುವುದು ಯಾವುದೂ ಇಲ್ಲ. ಮತ್ತೆ ಯಾಕೆ ಕೈ ಹಾಕಿದೆ ಅಂದರೆ, ಅದು ದುಡಿಯುವ ಬಗೆ ನೋಡಿ. ವಾರದ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಓಡಾಟ. ಚೆನ್ನಮ್ಮ ಸರ್ಕಲ್ ದಾಟುವಷ್ಟರಲ್ಲಿ ಗೇರ್‌ಬಾಕ್ಸ್ ಒಂದು-ಎರಡು, ಎರಡು-ಒಂದು ಅಂತ ಎಷ್ಟು ಸಲ ಬದಲಾಗುತ್ತದೋ ಲೆಕ್ಕವಿಲ್ಲ. ಬಿಡುವಾದಾಗ ಹೊಲ. ನವಲಗುಂದದ ಎರೆಮಣ್ಣು ಗೊತ್ತಲ್ಲ, ಒಂದು ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಂಡು ಚಕ್ರವೇ ಎರಡು ಪಟ್ಟು ಆಗುತ್ತದೆ. ಆಗ ಎಲ್4 (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋ ಗೇರು) ಹಾಕಿ ನಿಧಾನಕ್ಕೆ ತೆವಳಬೇಕು. ಪಕ್ಕದ ಹೊಲದವರ ಟ್ರೇಲರ್ ಸಿಕ್ಕಿಬಿದ್ದರೆ ಎಳೆಯುವುದಕ್ಕೂ ಇದೇ ಗಾಡಿ. ನಡುನಡುವೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗುವುದೂ ಇದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಬರೀ ಜಾರಿಕೆಗೆ ಅಲ್ಲ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್‌ನ ಬಲವನ್ನು ದಾಟಿಸುವುದು ಅದೇ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಅದೇ. ಶಾಖವನ್ನು ಹೊತ್ತುಕೊಂಡು ಕೂಲರ್‌ಗೆ ಹೋಗುವುದೂ ಅದೇ. ಕೆಸರಿನಲ್ಲಿ ತೆವಳುವಾಗ ಕನ್ವರ್ಟರ್ ಒಳಗೆ ಆಯಿಲ್ ಸುಮ್ನೆ ಕಡೆದುಕೊಂಡು ಕಾಯುತ್ತದೆ. ಎದುರುಗಾಳಿಯೂ ಇರುವುದಿಲ್ಲ. ಹೈವೇಯಲ್ಲಿ ಗಂಟೆಗೆ 100ರಲ್ಲಿ ಹೋಗುವುದಕ್ಕಿಂತ ಹೊಲದಲ್ಲಿ ಅರ್ಧ ಕಿಲೋಮೀಟರ್ ತೆವಳುವುದೇ ಆಯಿಲ್‌ಗೆ ಜಾಸ್ತಿ ಶಿಕ್ಷೆ. ಹಾಗೆ ತೆವಳುವಾಗ ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗಿದೆ ಅನ್ನುವ ಎಚ್ಚರಿಕೆ ಮೀಟರ್‌ನಲ್ಲಿ ಬಂದರೆ ಎಂಜಿನ್ ಬಂದ್ ಮಾಡಬೇಡಿ. ಗಾಡಿ ನಿಲ್ಲಿಸಿ, ಪಿ ಗೆ ಹಾಕಿ, ಎಂಜಿನ್ ಐಡಲ್‌ನಲ್ಲೇ ಬಿಡಿ. ಪಂಪ್ ತಿರುಗುತ್ತಿದ್ದರೆ ತಾನೇ ಆಯಿಲ್ ಕೂಲರ್‌ಗೆ ಹೋಗುವುದು.

ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಇಲ್ಲ. ಅದಕ್ಕೇ ಸೀಲ್ಡ್ ಅನ್ನುತ್ತಾರೆ. ಆದರೆ ಆಯಿಲ್ ಹಾಕುವ ಪ್ಲಗ್ ಇದೆ, ಇಳಿಸುವ ಪ್ಲಗ್ ಇದೆ, ಮಟ್ಟ ನೋಡುವುದಕ್ಕೂ ದಾರಿ ಇದೆ. ಬಿಚ್ಚಲೇಬಾರದು ಅಂತಿದ್ದರೆ ಇಷ್ಟೆಲ್ಲ ಯಾಕೆ ಕೊಡುತ್ತಿದ್ದರು? ಎಷ್ಟೋ ದೊಡ್ಡ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಆಯಿಲ್ ಬದಲಿಸಿ ಅನ್ನುತ್ತದೆ. ನಮ್ಮದು ಅವರು ಮಾಡಿದ್ದಲ್ಲ. ಆದರೂ ಕ್ಲಚ್ ಸವೆಯುವುದು, ಆಯಿಲ್ ಕಾಯುವುದು ಎಲ್ಲ ಕಡೆ ಒಂದೇ ಅಲ್ವಾ?

ಮೊದಲು ಹೋದ ಗ್ಯಾರೇಜ್‌ನಲ್ಲಿ ಸೀದಾ ಹೇಳಿಬಿಟ್ಟರು: "ಸರ್, ಇದಕ್ಕ ಡಿಪ್‌ಸ್ಟಿಕ್ಕ ಇಲ್ರಿ. ಕಂಪನಿಯವರು ಸೀಲ್ ಮಾಡಿ ಕಳಿಸ್ಯಾರ, ಮುಟ್ಟಬ್ಯಾಡ್ರಿ." ಇದಾದರೂ ವಾಸಿ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಲಿಲ್ಲ. ಇನ್ನೊಂದು ಕಡೆ ಫ್ಲಶಿಂಗ್ ಮಷೀನ್ ಇತ್ತು. ಅರ್ಧ ಗಂಟೆಯಲ್ಲಿ ಹಳೇದು ಪೂರ್ತಿ ತೆಗೆದು ಹೊಸದು ತುಂಬುತ್ತೇವೆ ಅಂದರು. ಯಾವ ಆಯಿಲ್ ಅಂತ ಕೇಳಿದರೆ ದೊಡ್ಡ ಡ್ರಮ್ ತೋರಿಸಿದರು. ಎಲ್ಲ ಆಟೋಮ್ಯಾಟಿಕ್‌ಗೂ ಅದೇ ನಡೆಯುತ್ತದಂತೆ. ಫಾರ್ಚುನರ್‌ಗೆ ಬೇಕಾದದ್ದು ಟೊಯೊಟಾ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಬ್ಲ್ಯೂಎಸ್, ತೆಳುವಾದ ಆಯಿಲ್. ಅಥವಾ ಆ ಸ್ಪೆಸಿಫಿಕೇಶನ್‌ಗೆ ಹೊಂದುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವ ಒಳ್ಳೆ ಬ್ರಾಂಡಿನದು. ಕ್ಲಚ್ ಹಿಡಿಯುವ ಬಿಗಿ, ಗೇರ್ ಬೀಳುವ ನಯ ಎರಡೂ ಆಯಿಲ್‌ನಲ್ಲಿರುವ ರಾಸಾಯನಿಕಗಳ ಮೇಲೆ ನಿಂತಿದೆ. ಹೆಸರಿಲ್ಲದ ಡ್ರಮ್ಮಿನ ಆಯಿಲ್‌ಗೆ ಅಷ್ಟು ಬೆಲೆಯ ಗೇರ್‌ಬಾಕ್ಸ್ ಒಪ್ಪಿಸುವುದಾ? ನಮಸ್ಕಾರ ಹೇಳಿ ಬಂದೆ.

ಕೊನೆಗೆ ಕೆಲಸ ಮಾಡಿಸಿದ್ದು ಗೋಕುಲ ರೋಡ್ ಕಡೆಯ ಒಂದು ಸಣ್ಣ ಗ್ಯಾರೇಜ್‌ನಲ್ಲಿ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಮೊದಲು ಕೇಳಿದ್ದು ಕಿಲೋಮೀಟರ್ ಅಲ್ಲ, ರೊಕ್ಕದ ಮಾತೂ ಅಲ್ಲ. "ಹಿಂದಿನ ದಿನಾ ಸಂಜೀಗೇ ಗಾಡಿ ಬಿಟ್ಟು ಹೋಗ್ರಿ ಸರ್. ಮುಂಜಾನೆ ತಣ್ಣಗ ಇರಬೇಕ್ರಿ ಅದು." ಅಷ್ಟು ಕೇಳಿದ ಕೂಡಲೇ ಇವರಿಗೆ ಕೆಲಸ ಗೊತ್ತು ಅನ್ನಿಸಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ಡಿಪ್‌ಸ್ಟಿಕ್ ಇಲ್ಲದ್ದಕ್ಕೆ ಗೇರ್‌ಬಾಕ್ಸ್‌ನ ತಳದಲ್ಲಿ ಒಂದು ಓವರ್‌ಫ್ಲೋ ಕೊಳವೆ ಕೊಟ್ಟಿರುತ್ತಾರೆ, ಮನೆ ಮೇಲಿನ ನೀರಿನ ಟ್ಯಾಂಕಿಗೆ ಇರುತ್ತದಲ್ಲ, ಹಾಗೆ. ಅದರ ಪ್ಲಗ್, ಅಂದರೆ ಮಟ್ಟದ ಪ್ಲಗ್ ಬಿಚ್ಚಿದರೆ ಕೊಳವೆಯ ತುದಿಗಿಂತ ಮೇಲಿರುವ ಆಯಿಲ್ ಹೊರಗೆ ಬರುತ್ತದೆ. ಧಾರೆ ತೆಳ್ಳಗಾಗಿ ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಪ್ಲಗ್ ಮುಚ್ಚಿದರೆ ಮಟ್ಟ ಸರಿ. ಕೇಳಲು ಸುಲಭ. ಆದರೆ ಆಯಿಲ್ ಕಾದರೆ ಹಿಗ್ಗುತ್ತದೆ. ಹತ್ತು ಲೀಟರ್ ಆಯಿಲ್ 40ರಿಂದ 80 ಡಿಗ್ರಿಗೆ ಕಾದರೆ ಕಾಲು ಲೀಟರ್‌ಗಿಂತ ಜಾಸ್ತಿ ಉಬ್ಬುತ್ತದೆ. ಅದಕ್ಕೇ ಕಂಪನಿ ಇಂತಿಷ್ಟು ಡಿಗ್ರಿಯಲ್ಲೇ ನೋಡಬೇಕು ಅಂತ ಹೇಳಿರುತ್ತದೆ. ನಮ್ಮ ಗಾಡಿಗೆ ಅದು 40 ಡಿಗ್ರಿ ಆಸುಪಾಸು. ಬೇರೆ ಗೇರ್‌ಬಾಕ್ಸ್‌ಗೆ ಬೇರೆ ಇರುತ್ತದೆ, ಅವರವರ ಮ್ಯಾನ್ಯುಯಲ್ ನೋಡಬೇಕು. ಬಿಸಿ ಆಯಿಲ್‌ನಲ್ಲಿ ಮಟ್ಟ ನೋಡಿದರೆ ಬೇಕಾದದ್ದೂ ಹೊರಗೆ ಹೋಗಿ ಗೇರ್‌ಬಾಕ್ಸ್ ಹಸಿದಿರುತ್ತದೆ. ಆಗ ಪಂಪ್ ಗಾಳಿ ಎಳೆಯುತ್ತದೆ, ಡಿ ಗೆ ಹಾಕಿದರೆ ಗಾಡಿ ತಡವಾಗಿ ಹಿಡಿಯುತ್ತದೆ, ಕ್ಲಚ್ ಜಾರುತ್ತದೆ. ತೀರಾ ತಣ್ಣಗಿದ್ದಾಗ ನೋಡಿದರೆ ಜಾಸ್ತಿ ತುಂಬಿ ಒಳಗೆ ನೊರೆ ಏಳುತ್ತದೆ.

ಈಗ ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ ನೆನಪಿಸಿಕೊಳ್ಳಿ. ಗ್ಯಾರೇಜ್‌ನ ತಗಡಿನ ಶೆಡ್ ಒಳಗೇ 40 ಡಿಗ್ರಿ! ಎಂಜಿನ್ ಸ್ಟಾರ್ಟ್ ಮಾಡಿ ನಾಲ್ಕು ಸಲ ಗೇರ್ ಬದಲಿಸುವಷ್ಟರಲ್ಲಿ ಮಿತಿ ದಾಟಿ ಹೋಗುತ್ತದೆ. ಒಮ್ಮೆ ದಾಟಿದರೆ ಮತ್ತೆ ತಣಿಯಲು ತಾಸುಗಟ್ಟಲೆ ಕಾಯಬೇಕು. ಹಾಗಾಗಿ ನಮ್ಮ ಕಡೆ ಈ ಕೆಲಸವನ್ನು ಬೇಸಿಗೆಯಲ್ಲಿ ಮಾಡಿಸಲೇಬೇಡಿ. ಚಳಿಗಾಲದ ಮುಂಜಾನೆ ಒಳ್ಳೇದು. ಮಾಡಿಸಲೇಬೇಕಾದರೆ ರಾತ್ರಿಯಿಡೀ ಗಾಡಿ ಗ್ಯಾರೇಜ್‌ನಲ್ಲೇ ಇರಲಿ.

ಅವತ್ತು ನಾನು ಪಕ್ಕದಲ್ಲೇ ನಿಂತು ನೋಡಿದೆ. ಗಾಡಿಯನ್ನು ಲಿಫ್ಟ್ ಮೇಲೆ ಸಮತಟ್ಟಾಗಿ ಎತ್ತಿದರು. ಅಡಿಯ ಕಬ್ಬಿಣದ ಗಾರ್ಡ್ ಬಿಚ್ಚಿದಾಗ ಬುಟ್ಟಿ ತುಂಬುವಷ್ಟು ಎರೆಮಣ್ಣು ಉದುರಿತು. ಅದನ್ನು ತೊಳೆದ ಮೇಲೆಯೇ ಪ್ಲಗ್‌ಗೆ ಕೈ. ಅದೂ ಮೊದಲು ಆಯಿಲ್ ಹಾಕುವ ಪ್ಲಗ್ ಬಿಚ್ಚಿ ನೋಡಿದರು, ಆಮೇಲೆ ಇಳಿಸುವ ಪ್ಲಗ್. ಹಾಕುವ ಪ್ಲಗ್ ತುಕ್ಕು ಹಿಡಿದು ಬರದಿದ್ದರೆ, ಇಳಿಸಿದ ಮೇಲೆ ತುಂಬುವುದು ಎಲ್ಲಿಂದ? ಇಳಿದ ಆಯಿಲನ್ನು ಅಳತೆಯ ಡಬ್ಬಿಗೆ ಹಿಡಿದರು. ಅಷ್ಟೇ ಹೊಸದು ಒಳಗೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ ಒಂದೊಂದರಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಿದರು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚಿ ಆಯಿಲ್‌ನ ತಾಪ ನೋಡುತ್ತಾ ಕೂತರು. ಸರಿಯಾದ ಡಿಗ್ರಿಗೆ ಬಂದಾಗ ಎಂಜಿನ್ ಓಡುತ್ತಿರುವಾಗಲೇ ಮಟ್ಟದ ಪ್ಲಗ್ ಬಿಚ್ಚಿದರು. ಎಂಜಿನ್ ಬಂದ್ ಮಾಡಿ ನೋಡಿದರೆ ಲೆಕ್ಕವೇ ತಪ್ಪು, ಕನ್ವರ್ಟರ್ ಮತ್ತು ಕೂಲರ್‌ನ ಆಯಿಲ್ ಹಿಂದಕ್ಕೆ ಇಳಿದಿರುತ್ತದೆ. ಪ್ಲಗ್‌ಗಳಿಗೆ ಹೊಸ ವಾಷರ್ ಹಾಕಿ ಬಿಗಿದರು.

ಹೊಸ ಆಯಿಲ್ ಕೆಂಪಗೆ ಇರುತ್ತದೆ. ಇಳಿದದ್ದು ಕಂದು, ಕಪ್ಪಿಗೆ ಹತ್ತಿರ. ಸುಟ್ಟ ವಾಸನೆ ಇರಲಿಲ್ಲ, ಅದೇ ಸಮಾಧಾನ. ಆಯಿಲ್ ಪ್ಯಾನ್ ಸಹ ಇಳಿಸಿದರು. ಅದರೊಳಗೆ ಕಬ್ಬಿಣದ ಪುಡಿ ಹಿಡಿಯಲು ಅಯಸ್ಕಾಂತಗಳು ಇರುತ್ತವೆ. ಅವುಗಳ ಮೇಲೆ ನುಣ್ಣನೆಯ ಬೂದು ಬಣ್ಣದ ಕೆನೆ ಕೂತಿತ್ತು. ಅದು ಸಹಜ ಸವೆತ. ಚೂರುಗಳು, ಚಕ್ಕೆಗಳು ಸಿಕ್ಕಿದ್ದರೆ ಚಿಂತೆ ಮಾಡಬೇಕಿತ್ತು. ಪ್ಯಾನ್‌ಗೆ ಹೊಸ ಗ್ಯಾಸ್ಕೆಟ್ ಹಾಕಿಸಿ. ಸಿಲಿಕಾನ್ ಬಳಿದು ಕೂರಿಸುತ್ತೇವೆ ಅಂದರೆ ಒಪ್ಪಬೇಡಿ. ಹೆಚ್ಚಾದ ಸಿಲಿಕಾನ್ ಒಳಗೆ ಉದುರಿ ಆಯಿಲ್ ಸೋಸುವ ಸ್ಟ್ರೇನರ್‌ಗೆ ಹೋಗಿ ಕೂರುತ್ತದೆ.

ಒಂದು ವಿಷಯ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಇಳಿಸುವ ಪ್ಲಗ್ ಬಿಚ್ಚಿದರೆ ಇಳಿಯುವುದು ಮೂರ್ನಾಲ್ಕು ಲೀಟರ್ ಅಷ್ಟೇ. ಒಳಗಿರುವುದು ಒಟ್ಟು ಹತ್ತು ಲೀಟರ್ ಆಸುಪಾಸು. ಉಳಿದದ್ದು ಕನ್ವರ್ಟರ್, ಕೂಲರ್, ಆಯಿಲ್ ಹರಿವು ತಿರುಗಿಸುವ ವಾಲ್ವ್ ಬಾಡಿ ಒಳಗೇ ಇರುತ್ತದೆ. ಅಂದರೆ ಒಂದು ಸಲ ಬದಲಿಸಿದರೆ ಹೊಸದು ಮೂರನೇ ಒಂದು ಪಾಲು. ಎರಡನೇ ಸಲಕ್ಕೆ ಅರ್ಧಕ್ಕಿಂತ ಜಾಸ್ತಿ, ಮೂರನೇ ಸಲಕ್ಕೆ ಮುಕ್ಕಾಲಿಗೆ ಹತ್ತಿರ. ಒಂದೇ ದಿನ ಮೂರು ಸಲ ಮಾಡಿಸುವ ಬದಲು, ನಾನು ಒಮ್ಮೆ ಮಾಡಿಸಿ, ಕೆಲವು ಸಾವಿರ ಕಿಲೋಮೀಟರ್ ಓಡಿಸಿ, ಎಂಜಿನ್ ಆಯಿಲ್ ಸರ್ವಿಸ್ ಜೊತೆಗೇ ಮತ್ತೊಮ್ಮೆ ಮಾಡಿಸಿದೆ. ಎರಡನೇ ಸಲ ಇಳಿದ ಆಯಿಲ್ ಮೊದಲಿನಷ್ಟು ಕಪ್ಪಿರಲಿಲ್ಲ.

ಬದಲಾವಣೆ ಏನು? ಗಾಡಿ ಹಾರಿ ಹೋಗುತ್ತದೆ ಅಂತ ಬರೆಯುವವರನ್ನು ನಂಬಬೇಡಿ. ಮುಂಜಾನೆ ತಣ್ಣಗಿರುವಾಗ ಎರಡರಿಂದ ಮೂರಕ್ಕೆ ಬೀಳುವ ಗೇರು ಸ್ವಲ್ಪ ನಯವಾಗಿದೆ ಅನ್ನಿಸುತ್ತದೆ. ಅದರಲ್ಲಿ ದುಡ್ಡು ಕೊಟ್ಟ ಖುಷಿಯ ಪಾಲು ಎಷ್ಟೋ! ಮೈಲೇಜ್‌ನಲ್ಲಿ ವ್ಯತ್ಯಾಸ ಕಂಡಿಲ್ಲ. ಕೆಸರಿನಲ್ಲಿ ಎಳೆತ ಮೊದಲಿನ ಹಾಗೇ ಇದೆ. ಲೀಕ್ ಇಲ್ಲ, ಜಗ್ಗಾಟ ಇಲ್ಲ.

"ಆಯಿಲ್ ಬದಲಿಸಿದ್ದಕ್ಕೇ ಗೇರ್‌ಬಾಕ್ಸ್ ಹೋಯಿತು" ಅನ್ನುವ ಕಥೆ ಎಲ್ಲರ ಬಾಯಲ್ಲೂ ಇದೆ. ಪೂರ್ತಿ ಸುಳ್ಳೂ ಅಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಆಗಲೇ ಜಾರಲು ಶುರುವಾದ ಮೇಲೆ ಕೊನೆಯ ಉಪಾಯ ಅಂತ ಆಯಿಲ್ ಬದಲಿಸುವವರೇ ಜಾಸ್ತಿ. ಅಲ್ಲಿ ಕ್ಲಚ್ ಮೊದಲೇ ಸವೆದಿರುತ್ತದೆ, ಹೆಸರು ಮಾತ್ರ ಹೊಸ ಆಯಿಲ್‌ಗೆ. ಇನ್ನು ಕೆಲವು ಕಡೆ ತಪ್ಪು ಆಯಿಲ್, ಅಥವಾ ತಪ್ಪು ಮಟ್ಟ. ಈಗಾಗಲೇ ಜಾರುತ್ತಿರುವ ಗಾಡಿಯಾದರೆ ಮೊದಲು ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ.

ಗ್ಯಾರೇಜ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಮಟ್ಟ ಎಷ್ಟು ಡಿಗ್ರಿಯಲ್ಲಿ ನೋಡುತ್ತೀರಿ, ಯಾವುದರಿಂದ ಅಳೆಯುತ್ತೀರಿ? ಅಂದಾಜಿನ ಮೇಲೆ, ಕೈ ಮುಟ್ಟಿ ನೋಡಿ ಅಂದರೆ ಮುಂದಿನ ಗ್ಯಾರೇಜ್‌ಗೆ ನಡೆಯಿರಿ. ನನ್ನ ಬಿಲ್‌ನಲ್ಲಿ ದೊಡ್ಡ ಪಾಲು ಆಯಿಲ್‌ನದೇ ಆಗಿತ್ತು, ಕೂಲಿ ಕಡಿಮೆ. ಆದರೆ ನಾನು ಹಣ ಕೊಟ್ಟಿದ್ದು ಆ ಸ್ಕ್ಯಾನರ್ ನೋಡುತ್ತಾ ಕೂತ ಹೊತ್ತಿಗೆ ಅಂದುಕೊಂಡಿದ್ದೇನೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ನವಲಗುಂದದ ಕಡೆಯ ಬೆಣ್ಣಿಹಳ್ಳ ಉಕ್ಕಿದಾಗ ಫೋರ್ ಬೈ ಫೋರ್ ಇದೆ ಅಂತ ಗಾಡಿ ನೀರಿಗೆ ಇಳಿಸುವ ಶೂರರು ಇದ್ದಾರೆ. ಗೇರ್‌ಬಾಕ್ಸ್‌ಗೂ ಡಿಫರೆನ್ಶಿಯಲ್‌ಗೂ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಉಸಿರಾಡಲು ಬ್ರೀದರ್ ಅನ್ನುವ ಗಾಳಿ ಕಿಂಡಿ ಇರುತ್ತದೆ. ಕಾದ ಗೇರ್‌ಬಾಕ್ಸ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಬಾಯಿ ನೀರಿನಲ್ಲಿ ಮುಳುಗಿದ್ದರೆ, ಇಲ್ಲವೇ ಸೀಲ್ ಸಡಿಲವಾಗಿದ್ದರೆ, ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಅಂತಲೇ ಅರ್ಥ. ಆಗ ಕಿಲೋಮೀಟರ್ ಲೆಕ್ಕ ಬಿಟ್ಟು, ಗಾಡಿ ಓಡಿಸದೆ ಎತ್ತಿಕೊಂಡು ಹೋಗಿ ಪೂರ್ತಿ ಬದಲಿಸಬೇಕು. ನೀರು ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ.

ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ), ಮುಂದಿನ ಮತ್ತು ಹಿಂದಿನ ಡಿಫರೆನ್ಶಿಯಲ್ ಇವುಗಳ ಆಯಿಲ್ ಬೇರೆ, ಅವು ಸಾದಾ ಗೇರ್ ಆಯಿಲ್. ಅದೇ ಲಿಫ್ಟ್ ಮೇಲೆ ಇರುವಾಗಲೇ ಅವನ್ನೂ ಬದಲಿಸಿಕೊಂಡೆ, ಕೂಲಿ ಉಳಿಯಿತು. ಗೇರ್‌ಬಾಕ್ಸ್‌ನ ಸ್ಟ್ರೇನರ್ ಮಾತ್ರ ಆಗ ಸ್ಟಾಕ್ ಇರಲಿಲ್ಲ, ತೊಳೆದು ಹಾಕಿದ್ದಾರೆ. ಹೊಸದನ್ನು ತರಿಸಿ ಮನೆಯಲ್ಲಿಟ್ಟಿದ್ದೇನೆ, ಮುಂದಿನ ಸಲ ಪ್ಯಾನ್ ಇಳಿಸಿದಾಗ ಹಾಕಿಸುತ್ತೇನೆ.